ಫೋನ್ ಮಲಗಿದ್ರೂ ಕಿವಿ ಯಾಕೆ ಚಾರ್ಜ್ ತಿನ್ನುತ್ತೆ? (ತೋಟದ ವಾಲ್ವ್ ಬ್ಯಾಟರಿ ಐದು ದಿನಕ್ಕೆ ಖಾಲಿ)

ತೋಟದ_ಮಗ
ಎಲ್ಲರಿಗೂ ನಮಸ್ಕಾರ. ಚನ್ನಗಿರಿ ತಾಲ್ಲೂಕು ನಮ್ಮದು, ನಾಲ್ಕು ಎಕರೆ ಅಡಿಕೆ. ಸೂಳೆಕೆರೆ ಹತ್ರಾನೇ ಐತೆ, ಆದ್ರೆ ಕೆರೆ ನೀರು ನಮ್ಮ ಹೊಲಕ್ಕೆ ಹತ್ತಲ್ಲ, ಬೋರೇ ಗತಿ. ಮೋಟ್ರಿಗೆ ಮೊಬೈಲ್ ಸ್ಟಾರ್ಟರ್ ಐತೆ, ಅದರ ಚಿಂತೆ ಇಲ್ಲ. ಚಿಂತೆ ಡ್ರಿಪ್ ವಾಲ್ವ್‌ದು. ತೋಟ ನಾಲ್ಕು ಭಾಗ ಮಾಡಿ ಒಂದೊಂದಕ್ಕೂ ಲ್ಯಾಚಿಂಗ್ ವಾಲ್ವ್ (ತೆಗೆಯುವಾಗ, ಮುಚ್ಚುವಾಗ ಮಾತ್ರ ಕರೆಂಟ್ ಕೇಳೋದು) ಕೂರಿಸಿದೀನಿ. ಮನೆಯಿಂದ ಲೋರಾ ಅನ್ನೋ, ದೂರ ಮುಟ್ಟೋ ರೇಡಿಯೊದಲ್ಲಿ ಹೇಳಿದ್ರೆ ತೆಗಿಯುತ್ತೆ, ಮುಚ್ಚುತ್ತೆ. ದೂರ 600 ಮೀಟರ್. ತ್ರೀಫೇಸ್ ರಾತ್ರಿ ಎರಡು ಗಂಟೆಗೆ ಬಂದ್ರೂ ಹಾಸಿಗೆ ಮೇಲೆ ಮಲಗೇ ನೀರು ಬಿಡಬಹುದು ಅನ್ನೋದು ಕನಸು.

ಕನಸು ಐದು ದಿನ ಓಡ್ತು. ಒಂದೊಂದು ಡಬ್ಬೀಲೂ 2600 ಮಿಲಿಆಂಪಿಯರ್ ಅವರ್‌ನ ಎರಡು 18650 ಲಿಥಿಯಂ ಸೆಲ್ ಸೀರೀಸ್‌ನಲ್ಲಿ ಅವೆ. ಐದನೇ ದಿನಕ್ಕೆ ಎಲ್ಲಾ ಸತ್ತು ಮಲಗಿರ್ತವೆ. ವಾಲ್ವ್ ದಿನಕ್ಕೆ ಎರಡು ಸಲ ಬಿಟ್ರೆ ಕೆಲಸಾನೇ ಮಾಡಲ್ಲ! ಏನೂ ಮಾಡದೇ ಇರೋದಕ್ಕೆ ಇಷ್ಟು ಕರೆಂಟ್ ಯಾಕೆ ಬೇಕು? ಹೊಸ ಫೋನ್‌ಗಳಿಗೆ 'ವೇಕ್-ಅಪ್ ರಿಸೀವರ್' ಅಂತ ಏನೋ ಬರ್ತೈತಂತೆ, ಮೈಕ್ರೋವ್ಯಾಟ್‌ನಲ್ಲೇ ಕಾಯುತ್ತಂತೆ. ಅದು ನಮ್ಮಂಥವರಿಗೆ ಸಿಗುತ್ತಾ?

ಮಂಡಕ್ಕಿ_ಒಗ್ಗರಣೆ
ಸಣ್ಣ ಸೋಲಾರ್ ಪ್ಯಾನಲ್ ಹಾಕಿ ಅಣ್ಣ, ಮುಗೀತು.

ತೋಟದ_ಮಗ
ಅಡಿಕೆ ತೋಟದೊಳಗೆ ಬಿಸಿಲು ಎಲ್ಲಿಂದ ತರ್ಲಪ್ಪ? ಹೋದ ವರ್ಷ ಒಂದು ಕಟ್ಟಿದ್ದೆ. ಮೇಲಿಂದ ಸೋಗೆ ಬಿದ್ದು ಗಾಜು ಪುಡಿ. ಉಳಿದಿದ್ದನ್ನ ಕೋತಿ ಕಿತ್ಕೊಂಡು ಹೋತು.

ಕೋಟೆ_ಬಾಗಿಲು
ಊರು ಚಿತ್ರದುರ್ಗ, ಹೊಟ್ಟೆಪಾಡು ಬೆಂಗಳೂರಲ್ಲಿ. ಮೋಡೆಮ್ ಟೆಸ್ಟಿಂಗ್ ಕೆಲಸ, ಅಂದ್ರೆ ಫೋನಿನೊಳಗಿನ ರೇಡಿಯೊ ಎಷ್ಟು ಹೊತ್ತು ಮಲಗುತ್ತೆ, ಎಷ್ಟು ಸಲ ಎದ್ದೇಳುತ್ತೆ ಅಂತ ಎಣಿಸೋದೇ ನನ್ನ ದಿನಗೂಲಿ. ಹಾಗಾಗಿ ಸ್ವಲ್ಪ ಉದ್ದ ಆಗುತ್ತೆ, ಸಹಿಸ್ಕೊಳ್ಳಿ.

ರೇಡಿಯೊ ಮಾತಾಡಿದಾಗ ಕರೆಂಟ್ ತಿನ್ನುತ್ತೆ ಅಂತ ಎಲ್ಲರೂ ಅಂದುಕೊಳ್ತಾರೆ. ಮಾತಾಡೋದು ಕ್ಷಣಕಾಲ. ಕಾಯೋದು ಇಡೀ ದಿನ. ನಿಮ್ಮ ಲೋರಾ ಚಿಪ್ ಎಸ್‌ಎಕ್ಸ್ 1276 ಆಗಿದ್ರೆ ಸುಮ್ಮನೆ ಕೇಳಿಸ್ಕೊಳ್ತಾ ಕೂರೋಕೇ ಸುಮಾರು 11 ಮಿಲಿಆಂಪಿಯರ್ ಬೇಕು. 2600ನ್ನ 11ರಿಂದ ಭಾಗಿಸಿ, 236 ಗಂಟೆ, ಹೆಚ್ಚುಕಡಿಮೆ ಹತ್ತು ದಿನ. ನಿಮಗೆ ಐದೇ ದಿನ ಬರ್ತಿದೆ ಅಂದ್ರೆ ಇನ್ನರ್ಧ ಬೇರೆ ಯಾರೋ ತಿಂತಿದ್ದಾರೆ. ಅದನ್ನ ಆಮೇಲೆ ನೋಡೋಣ.

ಫೋನ್ ಇಷ್ಟು ದಡ್ಡತನ ಮಾಡಲ್ಲ. ಜೇಬಿನಲ್ಲಿ ಸುಮ್ಮನಿದ್ದಾಗ ಅದರ ರೇಡಿಯೊ ಮಲಗಿರುತ್ತೆ. ಸಾಮಾನ್ಯವಾಗಿ 1.28 ಸೆಕೆಂಡಿಗೊಮ್ಮೆ ಎದ್ದು "ನನ್ನ ಹೆಸರು ಕೂಗಿದ್ರಾ?" ಅಂತ ಕೇಳಿ ಮತ್ತೆ ಮಲಗುತ್ತೆ. ಒಂದು ದಿನಕ್ಕೆ ಲೆಕ್ಕ ಹಾಕಿ, 67,500 ಸಲ. ಅದರಲ್ಲಿ ನಿಮಗೆ ನಿಜವಾಗಿ ಕಾಲ್ ಬರೋದು ಹತ್ತೋ ಇಪ್ಪತ್ತೋ. ಮಿಕ್ಕ 67 ಸಾವಿರ ಸಲ ಎದ್ದಿದ್ದು ದಂಡ. ಎದ್ದ ಕೂಡಲೇ ಕೇಳಿಸಲ್ಲ ಬೇರೆ: ಮೊದಲು ಆಸಿಲೇಟರ್, ಅಂದ್ರೆ ರೇಡಿಯೊಗೆ ತಾಳ ಕೊಡೋ ಭಾಗ, ಸ್ಥಿರ ಆಗಬೇಕು, ಟವರ್ ಕಳಿಸೋ ಸಿಂಕ್ ಸಿಗ್ನಲ್ ಹಿಡಿದು ತನ್ನ ಗಡಿಯಾರ ಹೊಂದಿಸ್ಕೋಬೇಕು, ಆಮೇಲೆ ತಾನೇ ಕೂಗು ಓದೋದು. ಕೂಗು ಓದೋಕಿಂತ ಓದೋಕೆ ತಯಾರಾಗೋದೇ ದುಬಾರಿ.

ಹಿರಿಯೂರು_ಗಾಳಿ
ಮಲಗೋ ಹೊತ್ತನ್ನ ಜಾಸ್ತಿ ಮಾಡಿದ್ರೆ ಆಯ್ತಲ್ಲ? 1.28 ಸೆಕೆಂಡ್ ಬದಲು ಒಂದು ನಿಮಿಷ?

ಕೋಟೆ_ಬಾಗಿಲು
ಮಾಡ್ತಾರೆ, ಫೋನಿಗಲ್ಲ, ಮೀಟರ್‌ಗಳಿಗೆ. ನೀರಿನ ಮೀಟರಿನಂಥವಕ್ಕೆ ಬಳಸೋ ಎನ್‌ಬಿ-ಐಒಟಿ ಅನ್ನೋ ಮೊಬೈಲ್ ಜಾಲದಲ್ಲಿ ಇ-ಡಿಆರ್‌ಎಕ್ಸ್ ಅಂತ ಇದೆ, ಒಂದು ನಿದ್ದೆ 2.9 ಗಂಟೆವರೆಗೂ ಹಿಗ್ಗುತ್ತೆ. ಮೀಟರಿಗೆ ಯಾರೂ ತುರ್ತಾಗಿ ಫೋನ್ ಮಾಡಲ್ವಲ್ಲ. ನಿಮ್ಮ ಅಮ್ಮ ಕಾಲ್ ಮಾಡಿ ಒಂದು ನಿಮಿಷ ಕಾದಮೇಲೆ ರಿಂಗ್ ಆದ್ರೆ ಆ ಫೋನ್ ಎರಡು ದಿನ ಇಟ್ಕೊಳ್ತೀರಾ? ತಡವಾಗಬಾರದು, ಚಾರ್ಜೂ ಇಳೀಬಾರದು. ಒಂದೇ ರೇಡಿಯೊ ಇಟ್ಕೊಂಡು ಎರಡೂ ಆಗಲ್ಲ.

ಅದಕ್ಕೇ ವೇಕ್-ಅಪ್ ರಿಸೀವರ್. ದೊಡ್ಡ ರೇಡಿಯೊ ಗಾಢ ನಿದ್ದೆಗೆ ಹೋಗುತ್ತೆ, ಆಸಿಲೇಟರ್ ಸಮೇತ ಬಂದ್. ಪಕ್ಕದಲ್ಲಿ ಒಂದು ಪುಟ್ಟ ಎರಡನೇ ಕಿವಿ. ಅದಕ್ಕೆ ಮಾತು ತಿಳಿಯಲ್ಲ, ಡೇಟಾ ಓದೋಕೆ ಬರಲ್ಲ. ಒಂದೇ ಒಂದು ಗುರುತಿನ ಸದ್ದು ಮಾತ್ರ ಗೊತ್ತು. ಅದು ಕೇಳಿಸಿದ್ರೆ ದೊಡ್ಡಣ್ಣನ್ನ ಎಬ್ಬಿಸುತ್ತೆ. ನಮ್ಮ ಕೋಟೇಲಿ ಸೈನ್ಯ ಎಲ್ಲಾ ಮಲಗಿದ್ದಾಗ ಕಿಂಡಿ ಹತ್ರ ಓಬವ್ವ ಇದ್ದ ಹಾಗೆ.

ಜೋಗಿಮಟ್ಟಿ_ಮೇಷ್ಟ್ರು
ಕೋಟೆ ಬಾಗಿಲಿನವರೇ, ದುರ್ಗದವರಾಗಿ ಈ ಹೋಲಿಕೆ ಕೊಟ್ಟಿರಲ್ಲ! ಓಬವ್ವ ಯಾರನ್ನ ಎಬ್ಬಿಸಿದಳು? ಒನಕೆ ಎತ್ತಿಕೊಂಡು ಕೆಲಸವನ್ನೇ ಮುಗಿಸಿದಳು. ಅದು ನಿಮ್ಮ ದೊಡ್ಡ ರೇಡಿಯೊದ ಕೆಲಸ. ನಿಮಗೆ ಬೇಕಾದ ಹೋಲಿಕೆ ಅದೇ ಕಥೆಯಲ್ಲಿ ಊಟಕ್ಕೆ ಕೂತಿದೆ. ಜನ ಹೇಳುವ ಕಥೆಯಲ್ಲಿ ಅವಳ ಗಂಡ ಮುದ್ದಹನುಮ ಕಹಳೆಯವನು. ಕಹಳೆ ಕೇಳಿದರೆ ಯಾರು ಬಂದರು, ಎಷ್ಟು ಜನ ಬಂದರು ಅಂತ ತಿಳಿಯುವುದಿಲ್ಲ; ಏಳಬೇಕು ಅಂತ ಮಾತ್ರ ತಿಳಿಯುತ್ತೆ. ಕಹಳೆಯೇ ವೇಕ್-ಅಪ್ ಸಿಗ್ನಲ್.

ಇನ್ನೊಂದು ಮಾತು. ಇದನ್ನ ಹೊಸದು ಅಂತ ಹೇಳ್ತಿದ್ದೀರಿ. ನಾನು ಹೈಸ್ಕೂಲಿನಲ್ಲಿದ್ದಾಗ ಮಾಡಿದ ಮೊದಲ ರೇಡಿಯೊಗೆ ಬ್ಯಾಟರಿಯೇ ಇರಲಿಲ್ಲ. ಒಂದು ಸುರುಳಿ, ಒಂದು ಜರ್ಮೇನಿಯಂ ಡಯೋಡು, ಒಂದು ಇಯರ್‌ಫೋನು, ಹುಣಸೆಮರಕ್ಕೆ ಕಟ್ಟಿದ ಉದ್ದ ತಂತಿ. ಅಲೆ ಇದ್ದರೆ ಡಯೋಡು ಅದನ್ನ ವೋಲ್ಟೇಜ್ ಮಾಡುತ್ತೆ, ಇಲ್ಲದಿದ್ದರೆ ಇಲ್ಲ. ನಿಮ್ಮ ಪುಟ್ಟ ಕಿವಿಯೊಳಗೂ ಅದೇ ಎನ್ವಲಪ್ ಡಿಟೆಕ್ಟರ್ ತಾನೇ?

ಕೋಟೆ_ಬಾಗಿಲು
ಒಪ್ಪಿದೆ ಮೇಷ್ಟ್ರೇ, ಎರಡೂ ಒಪ್ಪಿದೆ. ಬಹಳಷ್ಟು ವೇಕ್-ಅಪ್ ರಿಸೀವರ್‌ಗಳ ಹೊಟ್ಟೆಯಲ್ಲಿ ಇರೋದು ಅದೇ ಡಯೋಡಿನ ಮೊಮ್ಮಗ. ಕಳಿಸೋ ಕಡೆಯವರು 'ಆನ್-ಆಫ್ ಕೀಯಿಂಗ್' ಮಾಡ್ತಾರೆ: ಅಲೆ ಇದ್ರೆ ಒಂದು, ಇಲ್ದಿದ್ರೆ ಸೊನ್ನೆ. ಅಲೆಯ ಫೇಸ್ ಅಳೆಯೋದು ಬೇಡ, ನಿಖರವಾದ ಆಸಿಲೇಟರ್ ಬೇಡ. ಉಳಿತಾಯದ ಗುಟ್ಟೇ ಅದು. ಒಳಗೆ ಏನೇನು ಕಿತ್ತುಹಾಕಿದ್ದಾರೆ ಅನ್ನೋದರಲ್ಲಿ ಉಳಿತಾಯ ಇರೋದು.

ವೈಫೈಗೆ ಇದು ನಿಯಮ ಆಗಿದೆ. ಐಇಇಇ 802.11ಬಿಎ, 2021ರಲ್ಲಿ ಬಂತು, ಕಿವಿ 1 ಮಿಲಿವ್ಯಾಟ್ ಒಳಗೆ ಇರಬೇಕು ಅನ್ನೋ ಗುರಿ. ಮೊಬೈಲ್ ಕಡೆ ನಿಯಮ ಬರೆಯೋ 3ಜಿಪಿಪಿ ಕಂತು ಕಂತಾಗಿ (ಅವರ ಮಾತಲ್ಲಿ 'ರಿಲೀಸ್') ಮೆಟ್ಟಿಲು ಹತ್ತಿದೆ. ರಿಲೀಸ್ 15ರಲ್ಲಿ ಎನ್‌ಬಿ-ಐಒಟಿಗೆ ಎಬ್ಬಿಸೋ ಸಿಗ್ನಲ್ ಬಂತು, ಆದ್ರೆ ಅದನ್ನ ಕೇಳೋದು ಅದೇ ದೊಡ್ಡ ರೇಡಿಯೊ. ರಿಲೀಸ್ 17ರಲ್ಲಿ 5ಜಿ ಫೋನಿಗೆ ಮುಂಚಿತ ಸೂಚನೆ ಬಂತು. ಯಾಕೆ ಬೇಕಾಯ್ತು ಅಂದ್ರೆ, ಟವರ್ ಒಂದು ಕೂಗಿನಲ್ಲಿ 32 ಜನರ ಹೆಸರು ತುಂಬಬಹುದು. ಊರಲ್ಲಿ ಡಂಗುರ ಹೊಡೆದ್ರೆ ಸಂಬಂಧ ಇಲ್ಲದವರೂ ಬಾಗಿಲಿಗೆ ಬಂದು ನಿಲ್ಲೋ ಹಾಗೆ ಆ ಸರದಿಯ ಫೋನುಗಳೆಲ್ಲಾ ಎದ್ದು ಪಟ್ಟಿ ಓದ್ಬೇಕಿತ್ತು. ಈಗ ಗುಂಪು ಮಾಡಿ, ನಿನ್ನ ಗುಂಪಿಗೆ ಕೂಗಿಲ್ಲ, ಮಲಕ್ಕೋ ಅನ್ನಬಹುದು. ಬೇರೆಯದೇ ಕಿವಿ ಇಡೋ ಯೋಚನೆ ರಿಲೀಸ್ 18ರಲ್ಲಿ ಅಧ್ಯಯನ ಆಯ್ತು, ರಿಲೀಸ್ 19ರಲ್ಲಿ ನಿಯಮದ ಕೆಲಸ ಆಯ್ತು.

ಹಿರಿಯೂರು_ಗಾಳಿ
ಅಂದ್ರೆ ಮುಂದಿನ ಅಪ್‌ಡೇಟ್‌ಗೆ ನನ್ನ ಫೋನಿಗೂ ಬರುತ್ತೆ? ನಮ್ಮೂರು ಮಾರಿಕಣಿವೆ ಆಚೆ, ಗುಡ್ಡದ ಹಿಂದೆ. ಸಿಗ್ನಲ್ ಒಂದು ಕಡ್ಡಿ. ಬೆಳಿಗ್ಗೆ 100 ಇದ್ದಿದ್ದು, ಫೋನ್ ಮುಟ್ಟದಿದ್ರೂ ಸಂಜೆಗೆ 60. ಹಿರಿಯೂರು ಪೇಟೇಲಿ ಅದೇ ಫೋನ್ ಅಷ್ಟು ಇಳಿಯಲ್ಲ.

ಕೋಟೆ_ಬಾಗಿಲು
ಎರಡು ಕೆಟ್ಟ ಸುದ್ದಿ. ಒಂದು, ಅಪ್‌ಡೇಟ್‌ನಲ್ಲಿ ಬರಲ್ಲ. ಕಿವಿ ಅನ್ನೋದು ಹಾರ್ಡ್‌ವೇರ್, ಟವರ್ ಕಡೆಯವರೂ ಆ ಸಿಗ್ನಲ್ ಕಳಿಸ್ಬೇಕು. ಎರಡನೇದು ಬೇಜಾರಿನದು. ಸಿಗ್ನಲ್ ಒಂದು ಮಟ್ಟಕ್ಕಿಂತ ಚೆನ್ನಾಗಿದ್ರೆ ಮಾತ್ರ ಪುಟ್ಟ ಕಿವಿಯ ಮೇಲೆ ಭಾರ ಹಾಕೋದು. ಅದಕ್ಕಿಂತ ಇಳಿದ್ರೆ ಫೋನು ಹಳೇ ಪದ್ಧತಿಗೆ ವಾಪಸ್, ದೊಡ್ಡ ರೇಡಿಯೊ ಎದ್ದೆದ್ದು ಕೇಳ್ಬೇಕು. ನಿಮ್ಮ ಒಂದು ಕಡ್ಡಿಗೆ ಬಹುಶಃ ಇದೇ ಗತಿ. ಈಗ ಚಾರ್ಜ್ ಇಳೀತಿರೋದೂ ಅದಕ್ಕೇ: ಸಿಂಕ್ ಸಿಗ್ನಲ್ ಒಂದು ಸಲಕ್ಕೆ ಹಿಡಿಯೋಕೆ ಆಗದೆ ಮತ್ತೆ ಮತ್ತೆ ಕೇಳುತ್ತೆ, ನಡುವೆ ಪಕ್ಕದ ಟವರ್ ಹುಡುಕುತ್ತೆ.

ಹಿರಿಯೂರು_ಗಾಳಿ
ಗೊತ್ತಿತ್ತು ಬಿಡಿ. ಪೇಟೆಯವರ ಹೊಟ್ಟೆ ತುಂಬಿದಮೇಲೆ ಹಳ್ಳಿಗೆ ಎಂಜಲು. ಇದರಲ್ಲೂ ಅದೇ.

ಕೋಟೆ_ಬಾಗಿಲು
ಸಿಟ್ಟು ನ್ಯಾಯವೇ. ಆದ್ರೆ ಪೇಟೆಯವನಿಗೂ ದೊಡ್ಡ ಲಾಭ ಆಗಲ್ಲ ಅಂತ ನನ್ನ ಅಂದಾಜು, ಅವನ ಫೋನಿನ ಸಿಂಹಪಾಲು ಪರದೆ ತಿನ್ನುತ್ತೆ. ಲಾಭ ಆಗೋದು ಪರದೆ ಚಿಕ್ಕದು ಅಥವಾ ಇಲ್ಲವೇ ಇಲ್ಲ ಅನ್ನೋ ವಸ್ತುಗಳಿಗೆ: ವಾಚು, ದನದ ಕೊರಳ ಪಟ್ಟಿ, ಬೆಂಕಿ ಸೂಚಕ. ಯಾವತ್ತೋ ಒಂದು ದಿನ ಕರೀತಾರೆ, ಕರೆದ ತಕ್ಷಣ ಓಗೊಡಬೇಕು, ಅಂಥವಕ್ಕೆ.

ನಿಮಗೆ ಸದ್ಯಕ್ಕೆ: ಸಿಗ್ನಲ್ ಬರೋ ಕಿಟಕಿ ಹತ್ರ ಫೋನ್ ಇಡಿ, 5ಜಿ ಇಲ್ಲದ ಊರಲ್ಲಿ 5ಜಿ ಹುಡುಕೋದನ್ನ ಆಫ್ ಮಾಡಿ.

ಮಂಡಕ್ಕಿ_ಒಗ್ಗರಣೆ
ದಾವಣಗೆರೇಲಿ ಇ ಅಂಡ್ ಸಿ ಕೊನೇ ವರ್ಷ ಓದ್ತಿದೀನಿ, ಪ್ರಾಜೆಕ್ಟ್ ಇನ್ನೂ ಸಿಕ್ಕಿಲ್ಲ 🙂 ತೋಟದ ಅಣ್ಣನಿಗೆ ಡಯೋಡ್ ಕಿವಿ ನಾನೇ ಮಾಡಿಕೊಡ್ಲಾ? ಶಾಟ್ಕಿ ಡಯೋಡು, ಒಂದು ನ್ಯಾನೋಪವರ್ ಕಂಪ್ಯಾರೇಟರ್ (ವೋಲ್ಟೇಜ್ ಗುರುತು ದಾಟಿತಾ ಅಂತ ನೋಡೋ ಚಿಪ್). ಮೈಕ್ರೋಆಂಪಿಯರ್‌ನಲ್ಲಿ ಮುಗಿಯುತ್ತೆ.

ಜೋಗಿಮಟ್ಟಿ_ಮೇಷ್ಟ್ರು
ಮಾಡು ಮಗು, ಆದರೆ ಮೊದಲು ಒಂದು ಕಾಗದ ತಗೋ. ಲೋರಾ ರಿಸೀವರ್, ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂದೇಶವನ್ನ ಎಷ್ಟು ಎಳೆದು ಕಳಿಸಬೇಕು ಅನ್ನೋ ಅಳತೆ) 7ರಲ್ಲಿ, ಸುಮಾರು ಮೈನಸ್ 123 ಡಿಬಿಎಂ ತನಕ ಕೇಳಿಸಿಕೊಳ್ಳುತ್ತೆ. ಡಿಬಿಎಂ ಅಂದರೆ ಅಲೆಯ ಬಲದ ಅಳತೆ, ಮೈನಸ್ ಹೆಚ್ಚಿದಷ್ಟೂ ಅಲೆ ಕ್ಷೀಣ. ನಿನ್ನ ಡಯೋಡಿಗೆ ಮೈನಸ್ 55 ಆದರೂ ಬೇಕು ಅಂತ ಇಟ್ಟುಕೋ. ನಡುವೆ 68 ಡೆಸಿಬೆಲ್, ಅಂದರೆ ಅರವತ್ತು ಲಕ್ಷ ಪಟ್ಟಿಗೂ ಹೆಚ್ಚು ಬಲದ ಅಲೆ ಬೇಕು. ಮನೆಯಿಂದ 14 ಡಿಬಿಎಂ ಕಳಿಸುತ್ತಾರೆ ಅನ್ನು. 866 ಮೆಗಾಹರ್ಟ್ಜ್‌ನಲ್ಲಿ, ನಡುವೆ ಏನೂ ಇಲ್ಲದ ಬಯಲಿನಲ್ಲಿ, ಆ ಡಯೋಡು ಸುಮಾರು 78 ಮೀಟರ್ ತನಕ ಕೇಳುತ್ತೆ. ಅವರಿಗೆ ಬೇಕಾದ್ದು 600, ಅದೂ ಅಡಿಕೆ ಮರಗಳ ಮಧ್ಯೆ.

ಅದು ಕಿವುಡಾಗಿರೋದರಿಂದಲೇ ಅಗ್ಗ. ಕಾರಿನ ಕೀಲಿ ನೋಡು. ಜೇಬಿನಲ್ಲಿಟ್ಟುಕೊಂಡು ಹತ್ತಿರ ಹೋದರೆ ಬಾಗಿಲು ತೆರೆಯುವ ಜಾತಿಯದು. ಅದರೊಳಗೆ ಬಹಳ ವರ್ಷಗಳಿಂದ ವೇಕ್-ಅಪ್ ರಿಸೀವರ್ ಇದೆ, 125 ಕಿಲೋಹರ್ಟ್ಜ್‌ನಲ್ಲಿ ಹಗಲೂ ರಾತ್ರಿ ಕೇಳುತ್ತಾ ಕೂತಿರುತ್ತೆ. ಬಿಲ್ಲೆಯಷ್ಟು ಸೆಲ್ಲಿನಲ್ಲಿ ವರ್ಷಗಟ್ಟಲೆ ನಡೆಯುತ್ತೆ. ಯಾಕೆ ನಡೆಯುತ್ತೆ? ಕೇಳಿಸಬೇಕಾದ್ದು ಒಂದೆರಡು ಮೀಟರಿನಿಂದ ಮಾತ್ರ.

ಮಂಡಕ್ಕಿ_ಒಗ್ಗರಣೆ
78 ಮೀಟರ್... ಮನೆ ಅಂಗಳದಲ್ಲಿ ಡೆಮೊ ಮಾಡಿ ಮಾರ್ಕ್ಸ್ ತಗೋಬಹುದು ಬಿಡಿ ಸರ್.

ಬೆಸುಗೆ_ಅಂಗಡಿ
ಇಪ್ಪತ್ತೆರಡು ವರ್ಷದಿಂದ ದಾವಣಗೆರೇಲಿ ಬೋರ್ಡ್ ರಿಪೇರಿ ಮಾಡ್ತೀನಿ. ಇಷ್ಟೆಲ್ಲಾ ಡೆಸಿಬೆಲ್ ನಂಗೆ ಬರಲ್ಲ. ತಮ್ಮಾ ತೋಟದವನೇ, ಬೋರ್ಡ್ ಫೋಟೊ ಹಾಕು.

ತೋಟದ_ಮಗ
ಹಾಕೀನಿ ಅಣ್ಣ. ಪ್ರೋ ಮಿನಿ ಅನ್ನೋ ಪುಟ್ಟ ಕಂಟ್ರೋಲರ್ ಬೋರ್ಡು, ಪಕ್ಕದಲ್ಲಿ ಲೋರಾ ಮಾಡ್ಯೂಲು, 3.3 ವೋಲ್ಟಿಗೆ ಇಳಿಸೋಕೆ ಒಂದು ಸಣ್ಣ ಪಟ್ಟಿ.

ಬೆಸುಗೆ_ಅಂಗಡಿ
ಸಿಕ್ಕ ಕಳ್ಳ. ಆ ಸಣ್ಣ ಪಟ್ಟಿ ಮೇಲಿರೋದು ಎಎಂಎಸ್ 1117, ವೋಲ್ಟೇಜ್ ಇಳಿಸೋ ರೆಗ್ಯುಲೇಟರ್. ಅದು ಯಾರಿಗೂ ಕರೆಂಟ್ ಕೊಡದಿದ್ರೂ ತನ್ನ ಪಾಡಿಗೆ 5 ಮಿಲಿಆಂಪಿಯರ್ ಕುಡೀತಾ ಕೂತಿರ್ತೈತೆ. ಮೇಲೆ ಕೆಂಪು ಎಲ್‌ಇಡಿ ಬೇರೆ ಉರೀತೈತೆ. ತೋಟದೊಳಗೆ ಡಬ್ಬಿ ಮುಚ್ಚಿಟ್ಟು ದೀಪ ಯಾರಿಗೆ ತೋರಿಸ್ತೀಯಾ, ಇರುವೆಗಾ? ಆ ರೆಗ್ಯುಲೇಟರ್ ಕಿತ್ತು ಎಚ್‌ಟಿ 7333 ಹಾಕು, ಅದು ಕುಡಿಯೋದು 4 ಮೈಕ್ರೋಆಂಪಿಯರ್ ಅಷ್ಟೇ, 12 ವೋಲ್ಟ್ ತನಕ ತಡೀತೈತೆ. ಪ್ರೋ ಮಿನಿ ಮೇಲಿನ ರೆಗ್ಯುಲೇಟರೂ ಎಲ್‌ಇಡಿನೂ ತೆಗೆದುಬಿಡು. ಪ್ರೋ ಮಿನಿಯ ಮುಖ್ಯ ಚಿಪ್ಪು ಯಾವಾಗಲೂ ಎಚ್ಚರ ಇದ್ರೆ ಅದೊಂದು 4 ಮಿಲಿಆಂಪಿಯರ್, ಅದನ್ನೂ ಮಲಗಿಸು. ಎಲ್ಲಾ ಕೂಡಿಸು, ನಿನ್ನ ಐದು ದಿನದ ಲೆಕ್ಕ ತಾನೇ ಬರ್ತೈತೆ.

ಅಂಗಡಿಗೆ ಬರೋ ಹತ್ತು ಬೋರ್ಡಲ್ಲಿ ಆರು ಹಿಂಗೇ. ರೇಡಿಯೊ ಬೈತಾರೆ, ರೆಗ್ಯುಲೇಟರ್ ನೋಡಲ್ಲ.

ಕೋಟೆ_ಬಾಗಿಲು
ಅಣ್ಣ, ಕೈ ಮುಗಿದೆ. ಇನ್ನರ್ಧ ಎಲ್ಲಿ ಹೋಯ್ತು ಅನ್ನೋದಕ್ಕೆ ಉತ್ತರ ಇದೇ.

ಈಗ ರೇಡಿಯೊದ 11 ಮಿಲಿಆಂಪಿಯರ್. ಬೇರೆ ಕಿವಿ ಬೇಡ, ಇರೋ ಕಿವಿಯನ್ನೇ ಕೋಳಿನಿದ್ದೆ ಮಾಡಿಸೋಣ. ಎಸ್‌ಎಕ್ಸ್ 1276ರಲ್ಲಿ ಸಿಎಡಿ ಅಂತ ಒಂದು ಆದೇಶ ಇದೆ, ಚಾನೆಲ್ ಆಕ್ಟಿವಿಟಿ ಡಿಟೆಕ್ಷನ್. ಪೂರ್ತಿ ಸಂದೇಶ ಓದಲ್ಲ, ಗಾಳಿಯಲ್ಲಿ ಲೋರಾ ಸದ್ದು ಇದೆಯಾ ಅಂತ ಮಾತ್ರ ಮೂಸಿ ನೋಡುತ್ತೆ. ಸ್ಪ್ರೆಡಿಂಗ್ ಫ್ಯಾಕ್ಟರ್ 7, 125 ಕಿಲೋಹರ್ಟ್ಜ್ ಆದ್ರೆ ಸುಮಾರು 2 ಮಿಲಿಸೆಕೆಂಡ್ ಸಾಕು. ಸೆಕೆಂಡಿಗೊಮ್ಮೆ ಮೂಸಿದ್ರೆ ಸರಾಸರಿ 20 ಮೈಕ್ರೋಆಂಪಿಯರ್ ಆಸುಪಾಸು. 11 ಸಾವಿರ ಎಲ್ಲಿ, 20 ಎಲ್ಲಿ!

ಮನೆ ಕಡೆಯವನು ಸಂದೇಶದ ಮುಂಚೆ ಪೀಠಿಕೆ, ಅಂದ್ರೆ ಪ್ರಿಆಂಬಲ್, ಒಂದು ಸೆಕೆಂಡಿಗಿಂತ ಉದ್ದ ಕಳಿಸಬೇಕು. ಒಂದು ಸಿಂಬಲ್, ಅಂದ್ರೆ ಲೋರಾದ ಒಂದು ಬಿಡಿ ಸದ್ದು, 1.024 ಮಿಲಿಸೆಕೆಂಡ್, ಹಾಗಾಗಿ 1,100 ಸಿಂಬಲ್ ಇಡಿ. ತೋಟದ ಡಬ್ಬಿ ಯಾವ ಕ್ಷಣಕ್ಕೆ ಎದ್ದರೂ ಪೀಠಿಕೆ ನಡೀತಾನೇ ಇರುತ್ತೆ. ಜಾಸ್ತಿ ಕಳಿಸೋ ಭಾರ ಮನೆಯವನ ಮೇಲೆ, ಅವನಿಗೆ ಗೋಡೆ ಕರೆಂಟ್ ಇದೆ, ತೊಂದ್ರೆ ಇಲ್ಲ. ವಾಲ್ವ್ ಒಂದು ಸೆಕೆಂಡ್ ತಡವಾಗಿ ತೆಗೆದ್ರೆ ಅಡಿಕೆ ಬೈಯಲ್ಲ.

ಒಂದು ಎಚ್ಚರಿಕೆ: ನಾಲ್ಕು ಡಬ್ಬಿಯೂ ಎದ್ದೇಳ್ತವೆ, ಸಂದೇಶದಲ್ಲಿ ನಂಬರ್ ಹಾಕಿ, ನನ್ನದಲ್ಲ ಅಂತ ಗೊತ್ತಾದ ತಕ್ಷಣ ಮಲಗಿಸಿ. ಸುಳ್ಳು ಎಚ್ಚರ ಎಣಿಸೋಕೆ ಒಂದು ಕೌಂಟರ್ ಇಡಿ. ಅದು ಜಾಸ್ತಿ ಆದ್ರೆ ಉಳಿಸಿದ್ದೆಲ್ಲಾ ಅಲ್ಲೇ ಸೋರಿಹೋಗುತ್ತೆ.

ಹಿರಿಯೂರು_ಗಾಳಿ
ಹಂಗಾದ್ರೆ ಈ ವೇಕ್-ಅಪ್ ರಿಸೀವರ್ ಪುರಾಣ ಎಲ್ಲಾ ಕೇಳಿ ಕೊನೆಗೆ ಅದು ಬೇಡವೇ ಬೇಡ ಅಂತಾಯ್ತು.

ಕೋಟೆ_ಬಾಗಿಲು
ಇವರಿಗೆ ಬೇಡ. ಒಂದು ಸೆಕೆಂಡೂ ಕಾಯೋಕಾಗದವರಿಗೆ, ಹತ್ತಿರದಲ್ಲೇ ಇರೋರಿಗೆ ಬೇಕು.

ತೋಟದ_ಮಗ (ಹನ್ನೊಂದು ದಿನದ ಮೇಲೆ)
ತಡವಾಯ್ತು, ಕೊಯ್ಲು ಇತ್ತು. ಒಂದು ಡಬ್ಬಿ ಬದಲಾಯಿಸಿದೆ. ಪಟ್ಟಿ ಕಿತ್ತೆ, ಎಚ್‌ಟಿ 7333 ಹಾಕಿದೆ, ಎಲ್‌ಇಡಿ ಕಿತ್ತೆ, ಸಿಎಡಿ ಬರೆದೆ. ರಾತ್ರಿ ಮನೆಯಿಂದ ಬಟನ್ ಒತ್ತಿದೆ, ವಾಲ್ವ್ ಟಕ್ ಅಂತು. ಕಾಯ್ತಾ ಕೂತಿದ್ದ ನಮ್ಮಪ್ಪ ತೋಟದಿಂದ ಫೋನ್ ಮಾಡಿ "ಬಂತು ನೀರು" ಅಂದ್ರು.

ಇವತ್ತು ಬೆಳಿಗ್ಗೆ ಮೀಟರ್ ಸೀರೀಸ್‌ಗೆ ಹಾಕಿ ನೋಡಿದ್ರೆ, ನಂಬ್ತೀರೋ ಇಲ್ವೋ, 0.00! ಮಿಲಿಆಂಪಿಯರ್ ರೇಂಜಲ್ಲೂ ಸೊನ್ನೆ, ಮೈಕ್ರೋ ರೇಂಜಲ್ಲೂ ಸೊನ್ನೆ.

ಮಂಡಕ್ಕಿ_ಒಗ್ಗರಣೆ
ಅಣ್ಣ ನೊಬೆಲ್ ನಿಮಗೇ 😂

ಬೆಸುಗೆ_ಅಂಗಡಿ
ಮೀಟರ್ ಸಿಕ್ಕಿಸಿದ್ದಾಗ ವಾಲ್ವ್ ತೆಗೆದು ನೋಡಿದ್ಯಾ?

ತೋಟದ_ಮಗ
ಮೊದಲ ಸಲ ಟಕ್ ಅಂತು ಅಣ್ಣ. ಆಮೇಲೆ ಎಷ್ಟು ಒತ್ತಿದ್ರೂ ಅಲ್ಲಾಡ್ಲಿಲ್ಲ. ಮೀಟರ್ ತೆಗೆದ್ರೆ ಮತ್ತೆ ಸರಿ.

ಬೆಸುಗೆ_ಅಂಗಡಿ
ಮೀಟರ್ ಹೊಟ್ಟೇಲಿ 200 ಮಿಲಿಆಂಪಿಯರ್ ಫ್ಯೂಸ್ ಇರ್ತೈತೆ. ವಾಲ್ವ್ ಒದೆಯುವಾಗ ಆಂಪಿಯರ್ ಗಟ್ಟಲೆ ಎಳೀತೈತೆ. ಫ್ಯೂಸ್ ಹೋಗಿ ನಿನ್ನ ಸರ್ಕ್ಯೂಟೇ ಕಟ್ ಆಗೈತೆ, ಸೊನ್ನೆ ತೋರಿಸದೆ ಇನ್ನೇನು ತೋರಿಸ್ತೈತೆ? ಹೊಸ ಫ್ಯೂಸ್ ಹಾಕು, ವಾಲ್ವ್ ತಂತಿ ಬಿಚ್ಚಿಟ್ಟು ಅಳಿ. ಬೋರ್ಡ್ ಕಡೆಗೆ ಒಂದು ದೊಡ್ಡ ಕೆಪಾಸಿಟರ್ ಕಟ್ಟು, ಇಲ್ಲಾಂದ್ರೆ ಮೂಸಿದಾಗೊಮ್ಮೆ ಅಂಕಿ ಕುಣೀತೈತೆ, ಸರಾಸರಿ ಸಿಗಲ್ಲ.

ತೋಟದ_ಮಗ
ಹೌದು, ಫ್ಯೂಸೇ ಹೋಗಿತ್ತು. ಚನ್ನಗಿರೀಲಿ ಸಿಗ್ಲಿಲ್ಲ, ನಿನ್ನೆ ದಾವಣಗೆರೆಗೆ ಬಂದಾಗ ತಗೊಂಡೆ. ಈಗ ನಿಜವಾದ ಅಂಕಿ: 64 ಮೈಕ್ರೋಆಂಪಿಯರ್.

ಕೌಂಟರ್ ಕೂಡ ಓದಿದೆ. ಒಂದು ವಾರಕ್ಕೆ 31 ಸುಳ್ಳು ಎಚ್ಚರ. ಅದರಲ್ಲಿ 28 ಮೋಟ್ರು ಆನ್ ಆದ ಅಥವಾ ಆಫ್ ಆದ ಹೊತ್ತಿಗೇ. ಈ ವಾಲ್ವ್ ಡಬ್ಬಿ ಸ್ಟಾರ್ಟರ್ ಪಕ್ಕದಲ್ಲೇ ಐತೆ.

ಜೋಗಿಮಟ್ಟಿ_ಮೇಷ್ಟ್ರು
ಸ್ಟಾರ್ಟರಿನೊಳಗಿನ ಕಾಂಟ್ಯಾಕ್ಟರ್ ಸ್ವಿಚ್ಚಿನ ಕಿಡಿ ಅಲ್ಲವೇ ಅದು? ಕಿಡಿಯೂ ರೇಡಿಯೊ ಅಲೆಯೇ, ಆದಿಕಾಲದ ಟ್ರಾನ್ಸ್‌ಮಿಟರು. ಡಬ್ಬಿಯನ್ನ ಸ್ಟಾರ್ಟರಿನಿಂದ ಹತ್ತು ಮೀಟರ್ ದೂರ ಸರಿಸಿ ಇನ್ನೊಂದು ವಾರ ಎಣಿಸಿ.

ತೋಟದ_ಮಗ
ಸರಿಸ್ತೀನಿ ಮೇಷ್ಟ್ರೇ. ಮಿಕ್ಕ ಮೂರು ಡಬ್ಬಿಗೂ ಪಾರ್ಟ್ಸ್ ಬೇಕು. ಬೆಸುಗೆ ಅಣ್ಣ, ಶನಿವಾರ ಅಂಗಡಿ ತೆಗೆದಿರ್ತೀರಾ?

ಬೆಸುಗೆ_ಅಂಗಡಿ
ಹನ್ನೊಂದಕ್ಕೆ ಬಾ. ಮೀಟರ್ ತರೋದು ಮರೀಬೇಡ, ಎರಡು ಫ್ಯೂಸ್ ಜಾಸ್ತಿ ಇಟ್ಟಿರ್ತೀನಿ.